ಐಸ್ಲೆಂಡಿನ ಪ್ರಧಾನಮಂತ್ರಿಣಿ ಯೋಹಾನ್ನಾ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹಿಮವೂ ಅಗ್ನಿಪರ್ವತಗಳೂ ಒಂದೆಡೆ ನೆಲಸಿರುವ ಐಸ್ಲೆಂಡ್ ಎಂಬ ದ್ವೀಪವುಂಟು. ಜನಸಂಖ್ಯೆ ಸುಮಾರು ನಾಲ್ಕು ಲಕ್ಷ ಮಾತ್ರ. ಇಷ್ಟು ಚಿಕ್ಕ ನಾಡು ಸಮತ್ವದ ವಿಷಯದಲ್ಲಿ ದೊಡ್ಡ ನಾಡುಗಳಿಗೆ ದಾರಿ ತೋರಿದ ಬಗೆಯನ್ನು ವಾಚಕರಿಗೆ ತಿಳಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1975ನೆಯ ಅಕ್ಟೋಬರ್ 24ರಂದು ಆ ನಾಡಿನ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕಚೇರಿಯ ಕೆಲಸವನ್ನೂ ಮನೆಗೆಲಸವನ್ನೂ ಬಿಟ್ಟು ನಿಂತರು. ಗಂಡಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಕಚೇರಿಗೆ ಹೋಗಬೇಕಾಯಿತು. ಗೃಹಿಣಿಯ ದುಡಿಮೆಯ ಬೆಲೆ ಎಷ್ಟೆಂಬುದು ಆ ಒಂದು ಹಗಲಿನಲ್ಲಿ ಎಲ್ಲರಿಗೂ ವಿಶದವಾಯಿತು. 1980ರಲ್ಲಿ ವಿಗ್ದಿಸ್ ಎಂಬಾಕೆ ಅಲ್ಲಿಯ ರಾಷ್ಟ್ರಾಧ್ಯಕ್ಷರಾಗಿ ಚುನಾಯಿತರಾದರು.

ಇಂತಹ ನಾಡಿನಲ್ಲಿ 1942ರಲ್ಲಿ ಜನಿಸಿದವರು ಯೋಹಾನ್ನಾ ಸಿಗುರ್ದಾರ್ದೋತ್ತಿರ್. ‘ದೋತ್ತಿರ್’ ಎಂದರೆ ಮಗಳು. ನಮ್ಮ ಸಂಸ್ಕೃತದ ‘ದುಹಿತೃ’ ಶಬ್ದದ ದೂರದ ಬಂಧು. ವಿಮಾನದಲ್ಲಿ ಪ್ರಯಾಣಿಕರ ಪರಿಚಾರಿಕೆಯಾಗಿದ್ದು, ಕಾರ್ಮಿಕಸಂಘದ ಕಾರ್ಯದಲ್ಲಿ ಪಳಗಿ, 1978ರಲ್ಲಿ ಪಾರ್ಲಿಮೆಂಟನ್ನು ಸೇರಿದರು. 1994ರಲ್ಲಿ ಪಕ್ಷದ ನಾಯಕತ್ವಕ್ಕಾಗಿ ಸ್ಪರ್ಧಿಸಿ ಸೋತಾಗ, “ನನ್ನ ಕಾಲವೂ ಬರುವುದು” ಎಂದರು. ಆ ಕಾಲ ಬಂದದ್ದು ಹದಿನೈದು ವರ್ಷಗಳ ತರುವಾಯ. 2008ರಲ್ಲಿ ನಾಡಿನ ಬ್ಯಾಂಕುಗಳು ಮುರಿದುಬಿದ್ದು ಜನರು ಕಂಗೆಟ್ಟಿರುವಾಗ, 2009ನೆಯ ಫೆಬ್ರವರಿ 1ರಂದು ಅವರು ಪ್ರಧಾನಮಂತ್ರಿಯಾದರು. ತಾವು ಸ್ತ್ರೀಯೊಬ್ಬರ ಸಂಗಾತಿಯೆಂಬುದನ್ನು ಮರೆಮಾಚದೆ ಆ ಪದವಿಗೇರಿದವರಲ್ಲಿ ಆಧುನಿಕ ಪ್ರಪಂಚದಲ್ಲಿಯೇ ಅವರು ಮೊದಲಿಗರು.

ಅವರ ಮೊದಲ ಮಂತ್ರಿಮಂಡಲದಲ್ಲಿ ಸ್ತ್ರೀಪುರುಷರ ಸಂಖ್ಯೆ ಸಮವಾಗಿತ್ತು. ಐವತ್ತಕ್ಕಿಂತ ಹೆಚ್ಚು ನೌಕರರುಳ್ಳ ಕಂಪೆನಿಗಳ ಆಡಳಿತಮಂಡಲಿಯಲ್ಲಿ ಸ್ತ್ರೀಯರಾಗಲಿ ಪುರುಷರಾಗಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿರಬಾರದೆಂಬ ಶಾಸನವು 2010ರಲ್ಲಿ ಅಂಗೀಕೃತವಾಯಿತು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಸಲಿಂಗ ದಂಪತಿಗಳ ವಿವಾಹಕ್ಕೆ ಸಮಾನ ಮಾನ್ಯತೆ ಕೊಡುವ ಮಸೂದೆಗೆ 49 ಮತಗಳು ಬಿದ್ದವು. ವಿರೋಧವಾಗಿ ಒಂದೂ ಬೀಳಲಿಲ್ಲ. ಶಾಸನವು ಜಾರಿಗೆ ಬಂದ ಜೂನ್ 27ರಂದೇ ಯೋಹಾನ್ನಾ ಮತ್ತು ಲೇಖಕಿ ಯೋನೀನಾ ಲಿಯೋಸ್ದೋತ್ತಿರ್ ತಮ್ಮ ನೋಂದಾಯಿತ ಸಾಹಚರ್ಯವನ್ನು ವಿವಾಹವಾಗಿ ಮಾರ್ಪಡಿಸಿಕೊಂಡರು.

ಆದರೆ ಶಾಸನ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗುವುದೆ? ಅದೇ ವರ್ಷ ಈ ದಂಪತಿಗಳು ನೆರೆಯ ಫೆರೋ ದ್ವೀಪಗಳಿಗೆ ಹೋದಾಗ, ಅಲ್ಲಿಯ ಪಕ್ಷನಾಯಕರೊಬ್ಬರು ಅವರೊಡನೆ ಭೋಜನಕ್ಕೆ ಕುಳಿತುಕೊಳ್ಳಲು ಒಪ್ಪಲಿಲ್ಲ. ಪಂಕ್ತಿಭೇದವೆಂದರೇನೆಂಬುದನ್ನು ನಮ್ಮ ವಾಚಕರಿಗೆ ಬೇರೆ ವಿವರಿಸಬೇಕಾಗಿಲ್ಲವಷ್ಟೆ!

ಸಂಸ್ಕೃತದಲ್ಲಿ ಪತ್ನಿಯೆಂಬರ್ಥದ ‘ಭಾರ್ಯಾ’ ಶಬ್ದವು ಸ್ತ್ರೀಲಿಂಗ, ‘ದಾರಾಃ’ ಪುಲ್ಲಿಂಗ, ‘ಕಲತ್ರಂ’ ನಪುಂಸಕಲಿಂಗ. ಇದನ್ನು ಹೇಳಿಕೊಟ್ಟಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ನಗುತ್ತಿದ್ದರು. ವ್ಯಾಕರಣವೇ ಇಷ್ಟು ಔದಾರ್ಯವನ್ನು ತೋರುವಾಗ, ಮನುಷ್ಯರು ಒಬ್ಬರನ್ನೊಬ್ಬರು ಒಂದೇ ಅಳತೆಗೋಲಿನಿಂದ ಅಳೆಯುವುದೇಕೆ?

2013ರ ಚುನಾವಣೆಗೆ ಯೋಹಾನ್ನಾ ನಿಲ್ಲಲಿಲ್ಲ; ಅವರ ಪಕ್ಷವೂ ಸೋತಿತು. ಅಧಿಕಾರವು ಕೈಬಿಟ್ಟರೂ ಆ ಎರಡು ಶಾಸನಗಳು ಉಳಿದುವು. ಪದವಿಯು ಅಲ್ಪಾಯುಷಿ, ಪದವಿಯಲ್ಲಿದ್ದಾಗ ಮಾಡಿದ ನ್ಯಾಯವು ದೀರ್ಘಾಯುಷಿ. ಮಗಳ ಯೋಗ್ಯತೆಯನ್ನು ಮಗನ ಯೋಗ್ಯತೆಯಂತೆಯೇ ಕಾಣುವ, ಬೇರೆ ಬಗೆಯ ಮಗುವನ್ನು ಹೊಸಲಿನಾಚೆ ನೂಕದಿರುವ ನ್ಯಾಯಕ್ಕಾದರೋ ಪದವಿಯೂ ಬೇಡ. ಪ್ರತಿಯೊಂದು ಮನೆಯ ಯಜಮಾನನೂ ಗೃಹಿಣಿಯೂ ಅದನ್ನು ಇಂದೇ ಆರಂಭಿಸಬಹುದು.