ಹೊಲಗದ್ದೆಗಳ ನಡುವೆ ನೆಲೆಗೊಂಡ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಕರಿಯ ನಿಲುವಂಗಿ, ಎತ್ತರದ ಗೋಪುರ, ಪದವಿ ಪ್ರದಾನದ ಭಾಷಣ. ಹಟ್ಟಿಗೊಬ್ಬರ, ಬಾವಿಕಟ್ಟೆ, ಹತ್ತಿಯ ಸಾಲು, ನೇಗಿಲು ಇವುಗಳ ನಡುವೆಯೂ ಒಂದು ವಿಶ್ವವಿದ್ಯಾನಿಲಯ ಬೆಳೆಯಬಹುದೆಂದರೆ ಅವರು ನಂಬಲಾರರು. ಆದರೆ ಕೊಯಮತ್ತೂರಿನಲ್ಲಿ ಅಂಥದೊಂದು ಬೆಳೆದಿದೆ. ನಮ್ಮ ಕಾಸರಗೋಡಿನ ತೆಂಗಿನ ತೋಟಗಳಿಗೂ ಅದಕ್ಕೂ ಒಂದು ಶತಮಾನಕ್ಕೆ ಮಿಕ್ಕಿದ ನಂಟಿದೆ. ಈ ನಂಟು ನಮ್ಮವರಲ್ಲಿ ಬಹಳ ಮಂದಿಗೆ ಮರೆತೇಹೋಗಿರುವುದರಿಂದ ಅದನ್ನಿಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿದೆ.

ಮೊದಲು ಆ ಸೀಮೆಯ ಪರಿಚಯ. ಕೊಯಮತ್ತೂರಿನಿಂದ ಮೇಟ್ಟುಪಾಳಯಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಕಾರಮಡೈ ಸಿಗುತ್ತದೆ. 1873ರಲ್ಲಿ ಮೇಟ್ಟುಪಾಳಯದವರೆಗೆ ಹಾಕಿದ ರೈಲು ದಾರಿಯೂ ಇಲ್ಲಿಂದಲೇ ಹಾದುಹೋಗುತ್ತದೆ. ಊರ ನಡುವೆ ರಂಗನಾಥಸ್ವಾಮಿಯ ದೇವಸ್ಥಾನ. ಕಾರೆ ಮುಳ್ಳಿನ ಪೊದೆಯಲ್ಲಿ ದೇವರು ಕಾಣಿಸಿಕೊಂಡನೆಂದು ಸ್ಥಳಪುರಾಣ ಹೇಳುತ್ತದೆ. ಉತ್ತರಕ್ಕೆ ನೀಲಗಿರಿಯ ಗೋಡೆ. ಬೆಟ್ಟದ ಮೇಲೆ ಸುರಿಯುವ ಮಳೆ ಕೆಳಗಿನ ಬಯಲಿಗೆ ದಕ್ಕುವುದು ಅಷ್ಟಕ್ಕಷ್ಟೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಂದರೆ ಕೊಯಮತ್ತೂರಿನಲ್ಲಿ 700 ಮಿಲಿಮೀಟರ್ ಬಂದರೂ ಅದು ಒಳ್ಳೆಯ ವರ್ಷ. ಹಾಗಾಗಿ ಬಾವಿಯೇ ರೈತನ ಬಂಡವಾಳ. ಹಿಂದೆ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದರು. ಈಗ ಕೊಳವೆ ಬಾವಿ, ಪಂಪು. ಸುತ್ತಲಿನ ಹೊಲಗಳಲ್ಲಿ ಕರಿಬೇವನ್ನು ನಾವು ಅಡಿಕೆ ಬೆಳೆದಂತೆ ಎಕ್ರೆಗಟ್ಟಲೆ ಬೆಳೆಯುತ್ತಾರೆ. ಹಿತ್ತಿಲಲ್ಲಿ ಒಂದೇ ಗಿಡ ಕಂಡು ಬಲ್ಲ ನಮಗೆ ಅದೊಂದು ವಿಚಿತ್ರ ನೋಟ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರೂ ದೇವಾಂಗದವರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಬೆಟ್ಟ ಹತ್ತಿದರೆ ಬಡಗರು. ಅವರ ನುಡಿಯೂ ಕನ್ನಡಕ್ಕೆ ತೀರ ಹತ್ತಿರದ್ದು. ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಗೆರೆ ಎಳೆದವರ ಕೈ ಒಂದೇ.

ಇನ್ನು ವಿಶ್ವವಿದ್ಯಾನಿಲಯದ ಹುಟ್ಟು. 1868ರಲ್ಲಿ ಆಗಿನ ಮದ್ರಾಸಿನ ಹೊರವಲಯವಾಗಿದ್ದ ಸೈದಾಪೇಟೆಯಲ್ಲಿ ಸರಕಾರದ ಕೃಷಿ ಶಾಲೆಯೊಂದು ಆರಂಭವಾಯಿತು. ಅಡಯಾರು ಹೊಳೆಯ ಬದಿ, ಸಮುದ್ರದ ಗಾಳಿ, ಮರಳು ನೆಲ. ಅಲ್ಲಿ ಕುಳಿತು ಒಳನಾಡಿನ ಜೋಳ, ಹತ್ತಿ, ಕಪ್ಪುಮಣ್ಣಿನ ಪಾಠ ಹೇಳುವುದೆಂದರೆ ದೋಣಿಯಲ್ಲಿ ಕುಳಿತು ಗುಡ್ಡೆ ಹತ್ತುವುದನ್ನು ಕಲಿಸಿದಂತೆ. 1906ರಲ್ಲಿ ಆ ವಿದ್ಯಾಸಂಸ್ಥೆಯನ್ನು ಕೊಯಮತ್ತೂರಿಗೆ ತಂದು ಕೃಷಿ ಕಾಲೇಜು ಮತ್ತು ಸಂಶೋಧನಾಲಯವಾಗಿ ಬೆಳೆಸಿದರು. ಪಟ್ಟಣದ ಪಶ್ಚಿಮಕ್ಕೆ, ಮರುದಮಲೈಗೆ ಹೋಗುವ ದಾರಿಯಲ್ಲಿ, ಗದ್ದೆಯ ನೆಲವೂ ಬಾವಿ ನೀರಿನ ತೋಟದ ನೆಲವೂ ಮಳೆಯನ್ನೇ ನಂಬಿದ ಒಣಹೊಲವೂ ಒಂದೇ ಕಡೆ ಸಿಗುವಂಥ ಜಾಗ ಅದು. ಕಟ್ಟಡಕ್ಕೆ ಜಾಗ ಹುಡುಕುವವರು ರಸ್ತೆ ನೋಡುತ್ತಾರೆ, ಕೃಷಿ ಕಾಲೇಜಿಗೆ ಜಾಗ ಹುಡುಕುವವರು ಮಣ್ಣು ನೋಡಬೇಕು. ಇವರು ಮಣ್ಣು ನೋಡಿದರು.

1920ರಲ್ಲಿ ಈ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರ್ಪಡೆಯಾಯಿತು. ಕೃಷಿಯಲ್ಲಿ ಪದವಿ ಬೇಕೆಂಬ ದಕ್ಷಿಣ ಕನ್ನಡದ ಹುಡುಗನಿಗೆ ಆ ಕಾಲದಲ್ಲಿ ಕೊಯಮತ್ತೂರೇ ಕಾಶಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕಾಲೇಜು ಕೊಯಮತ್ತೂರಿಗೆ ಬಂದ ಮರುವರ್ಷ. ಪಾಲಘಾಟಿನ ಕಣಿವೆ ದಾಟಿದರೆ ಕಾಲೇಜು. ಹಸಿರು ಕ್ರಾಂತಿಯ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಕೃಷಿ ಪದವಿ ಪಡೆದದ್ದೂ ಇಲ್ಲಿಯೇ.

ಇಂಥ ವಿದ್ಯಾಲಯಗಳ ಮೂಲ ಕಲ್ಪನೆ ನಮ್ಮದಲ್ಲ, ಅಮೆರಿಕದ್ದು. ಅಲ್ಲಿ 1862ರ ಜುಲೈ 2ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಶಾಸನಕ್ಕೆ ಸಹಿ ಹಾಕಿದ. ಮಂಡಿಸಿದವನ ಹೆಸರಿನಿಂದ ಅದಕ್ಕೆ ಮೊರಿಲ್ ಕಾಯಿದೆ ಎನ್ನುತ್ತಾರೆ. ಪ್ರತಿಯೊಂದು ರಾಜ್ಯಕ್ಕೂ ಅದರ ಸಂಸತ್ ಸದಸ್ಯನೊಬ್ಬನಿಗೆ 30,000 ಎಕ್ರೆಯ ಲೆಕ್ಕದಲ್ಲಿ ಜಮೀನು. ಅದನ್ನು ಮಾರಿ ಬಂದ ಹಣದಿಂದ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜು. ರೈತನ ಮಗನಿಗೂ ಕೈಗಾರನ ಮಗನಿಗೂ ಉಚ್ಚ ಶಿಕ್ಷಣ ಎಂಬುದು ಆಶಯ. ಅಂತರ್ಯುದ್ಧ ನಡೆಯುತ್ತಿದ್ದ ವರ್ಷದಲ್ಲಿ ಇಂಥ ಯೋಚನೆ ಹೊಳೆದದ್ದು ಮೆಚ್ಚತಕ್ಕದ್ದೇ. ಆದರೆ ಹಾಗೆ ಹಂಚಿದ ನೆಲ ಯಾರದು? ಸುಮಾರು 250 ಆದಿವಾಸಿ ಬುಡಕಟ್ಟುಗಳಿಂದ ಒಪ್ಪಂದದ ಹೆಸರಿನಲ್ಲೋ ಬಲಾತ್ಕಾರದಿಂದಲೋ ಬಿಡಿಸಿಕೊಂಡ ಒಂದು ಕೋಟಿ ಎಕ್ರೆಗೂ ಮಿಕ್ಕಿದ ಭೂಮಿ ಅದು. ವಿದ್ಯಾದಾನಕ್ಕೆಂದು ಬೇರೆಯವನ ಹೊಲ ಕೊಟ್ಟ ಹಾಗೆ. ಇದನ್ನು ಹೇಳದೆ ಬರಿಯ ಹೊಗಳಿಕೆ ಬರೆಯುವುದು ಅಧ್ಯಾಪಕ ವೃತ್ತಿಗೆ ಒಪ್ಪುವುದಿಲ್ಲ.

ಕಾಯಿದೆಗಿಂತ ಮುಂಚಿನದು ಮಿಶಿಗನ್ ವಿಶ್ವವಿದ್ಯಾನಿಲಯ. 1817ರಲ್ಲಿ ಡೆಟ್ರಾಯಿಟ್ ಪಟ್ಟಣದಲ್ಲಿ ಸ್ಥಾಪನೆಯಾಗಿ, 1837ರಲ್ಲಿ ಆ್ಯನ್ ಆರ್ಬರ್ ಎಂಬ ಸಣ್ಣ ಊರಿನ 40 ಎಕ್ರೆ ನೆಲಕ್ಕೆ ಸ್ಥಳಾಂತರಗೊಂಡಿತು. ಸೈದಾಪೇಟೆಯಿಂದ ಕೊಯಮತ್ತೂರಿಗೆ ಹೋದ ನಮ್ಮ ಕಥೆಯನ್ನೇ ಇದು ಹೋಲುತ್ತದೆ. ಈ ಹೋಲಿಕೆ ಆಕಸ್ಮಿಕವಿರಬಹುದು, ಆದರೆ ಎರಡು ಸ್ಥಳಗಳನ್ನೂ ಜೋಡಿಸುವ ಒಬ್ಬ ಮಹಿಳೆ ನಮ್ಮ ನೆರೆಯವಳೇ. ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಮಿಶಿಗನ್ನಿನಲ್ಲಿ ಸಸ್ಯಶಾಸ್ತ್ರ ಓದಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಅವರು ಕೆಲಸಕ್ಕೆ ಬಂದದ್ದು ಕೊಯಮತ್ತೂರಿಗೆ, ಕಬ್ಬಿನ ತಳಿ ಸಂಶೋಧನಾಲಯಕ್ಕೆ.

ಈ ಕಬ್ಬಿನ ಕಥೆ ಸ್ವಲ್ಪ ನಿಂತು ಕೇಳತಕ್ಕದ್ದು. ಕಬ್ಬನ್ನು ನಾವು ತುಂಡು ಕಡಿದು ನೆಡುತ್ತೇವೆ. ಅದು ಹೂ ಬಿಟ್ಟು ಬೀಜ ಕಟ್ಟುವುದನ್ನು ರೈತ ಗಮನಿಸುವುದಿಲ್ಲ. ಹೊಸ ತಳಿ ಬೇಕಾದರೆ ಹೂವೇ ಬೇಕು, ಪರಾಗವೇ ಬೇಕು. ಉತ್ತರ ಹಿಂದುಸ್ಥಾನದ ಚಳಿಯಲ್ಲಿ ಕಬ್ಬು ಬೀಜ ಕಟ್ಟುವುದು ಕಷ್ಟ. ಪಾಲಘಾಟಿನ ಕಣಿವೆಯ ಗಾಳಿ ಬೀಸುವ ಕೊಯಮತ್ತೂರಿನಲ್ಲಿ ಅದು ಧಾರಾಳವಾಗಿ ಹೂ ಬಿಡುತ್ತದೆ. ಅದಕ್ಕಾಗಿಯೇ 1912ರಲ್ಲಿ ಕಬ್ಬಿನ ತಳಿ ಸಂಶೋಧನೆಗೆ ಈ ಊರನ್ನು ಆರಿಸಿದರು. ಚಾರ್ಲ್ಸ್ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ರಸಭರಿತವಾದ ದಪ್ಪ ಕಬ್ಬಿಗೆ ಕಾಡಿನಲ್ಲಿ ತಾನಾಗಿ ಬೆಳೆಯುವ ಹುಲ್ಲಿನಂಥ ಕಬ್ಬನ್ನು ಕೂಡಿಸಿ ಹೊಸ ಸಂತಾನ ಪಡೆದರು. 1918ರಲ್ಲಿ ಹೊರಬಂದ ‘ಕೋ 205’ ಪಂಜಾಬಿನ ಹೊಲಗಳಿಗೆ ಹೋಯಿತು. ಆ ‘ಕೋ’ ಎಂಬುದು ಕೊಯಮತ್ತೂರಿನ ಮೊದಲ ಅಕ್ಷರ. ಊರೊಂದರ ಹೆಸರು ಬೆಳೆಯ ಮುಂದೆ ಅಂಟಿಕೊಂಡು ದೇಶ ಸುತ್ತುವುದು ದೊಡ್ಡ ಮಾತು. ಜಾನಕಿ ಅಮ್ಮಾಳ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದುದು ಈ ಸಂಕರಗಳ ಜೀವಕೋಶದೊಳಗಿನ ವರ್ಣತಂತುಗಳನ್ನು.

ಭತ್ತದಲ್ಲಿ ಎಫ್. ಆರ್. ಪಾರ್ನೆಲ್ ಆರಿಸಿದ ‘ಜಿ.ಇ.ಬಿ. 24’, ಹತ್ತಿಯಲ್ಲಿ 1968ರ ‘ಎಂ.ಸಿ.ಯು. 5’ ಇವೂ ಇಲ್ಲಿಯವೇ. ಪಟ್ಟಿ ಬೆಳೆಸುವುದು ಬೇಡ.

ಈಗ ನಮ್ಮ ಊರಿಗೆ ಬರೋಣ. 1916ರಲ್ಲಿ ಮದ್ರಾಸು ಸರಕಾರ ತೆಂಗಿನ ಸಂಶೋಧನೆಗೆಂದು ಕಾಸರಗೋಡಿನಲ್ಲಿಯೂ ನೀಲೇಶ್ವರದ ಬಳಿ ಪಿಲಿಕೋಡಿನಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಆಗ ನಾವಿದ್ದುದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಪ್ರಾಂತದ ಕೃಷಿ ವಿದ್ಯೆಯ ತವರು ಕೊಯಮತ್ತೂರಿನಲ್ಲಿ. ಎತ್ತರದ ತೆಂಗಿಗೆ ಗಿಡ್ಡ ತೆಂಗನ್ನು ಕೂಡಿಸಿ ಸಂಕರ ತೆಂಗು ಪಡೆಯುವ ಕೆಲಸವನ್ನು 1930ರ ದಶಕದಲ್ಲಿ ಜೆ. ಎಸ್. ಪಟೇಲ್ ಇಲ್ಲಿಯೇ ಮಾಡಿ ತೋರಿಸಿದರು. ಇಂದು ಮನೆಮನೆಯ ಅಂಗಳದಲ್ಲಿ ಕಾಣುವ ಸಂಕರ ತೆಂಗಿನ ಕಥೆ ಅಲ್ಲಿಂದ ಮೊದಲಾಗುತ್ತದೆ. ಕಾಸರಗೋಡಿನ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು, ಕೂಡ್ಲಿನ ಸಿ.ಪಿ.ಸಿ.ಆರ್.ಐ. ಎಂದರೆ ನಮ್ಮ ಕೃಷಿಕರಿಗೆ ಬೇರೆ ವಿವರಣೆ ಬೇಡ. ಪಿಲಿಕೋಡು ಕೇರಳ ಕೃಷಿ ವಿಶ್ವವಿದ್ಯಾನಿಲಯದ ಪಾಲಿಗೆ ಹೋಯಿತು.

ಅದೇ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಅದಕ್ಕೆ ಮೊದಲು ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ವಿದ್ಯಾಪೀಠಗಳನ್ನು ಅಭ್ಯಸಿಸಿ ವರದಿ ಕೊಟ್ಟಿದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆದರ್ಶ ಮೈಸೂರಿನವರ ಮುಂದಿತ್ತು. ಅಂದರೆ ಅಮೆರಿಕದ ಗಾಳಿ ಹಸಿರು ಕ್ರಾಂತಿಯ ಕಾಲಕ್ಕೆ ಮಾತ್ರ ಬೀಸಿದ್ದಲ್ಲ. ಕಾರಮಡೈಯಿಂದ ತಲೆಯೆತ್ತಿದರೆ ಕಾಣುವ ಬೆಟ್ಟದ ಮೇಲೆ, ಕೂನೂರಿನಲ್ಲಿ, 1907ರಲ್ಲಿ ತೆರೆದ ಪಾಸ್ಟರ್ ಸಂಸ್ಥೆಗೂ ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಧನಿಕನ ದಾನವೇ ಆಧಾರ. ಹುಚ್ಚುನಾಯಿ ಕಚ್ಚಿದವರಿಗೆ ಅಲ್ಲಿಯ ಲಸಿಕೆಯಿಂದ ಜೀವ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾನಿಲಯಗಳ ಮಾತೆತ್ತಿತು. 1960ರಲ್ಲಿ ಪಂತನಗರದಲ್ಲಿ, ಇಲಿನಾಯ್ ವಿಶ್ವವಿದ್ಯಾನಿಲಯದ ನೆರವಿನಿಂದ, ದೇಶದ ಮೊದಲ ಕೃಷಿ ವಿಶ್ವವಿದ್ಯಾನಿಲಯ ತೆರೆಯಿತು. 1964ರಲ್ಲಿ ಬೆಂಗಳೂರಿನ ಹೆಬ್ಬಾಳ. ಅಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕ್ರೆಯಲ್ಲಿ ಪ್ರಯೋಗಕ್ಷೇತ್ರ ಮೊದಲೇ ಇತ್ತು. ಕೊಯಮತ್ತೂರಿನ ಕಾಲೇಜು ವಿಶ್ವವಿದ್ಯಾನಿಲಯವಾದದ್ದು 1971ರ ಜೂನ್ 1ರಂದು. ಇವುಗಳಿಗೆಲ್ಲ ಮೂರು ಕೆಲಸ: ಕಲಿಸುವುದು, ಸಂಶೋಧಿಸುವುದು, ತಿಳಿದದ್ದನ್ನು ರೈತನ ಬಾಗಿಲಿಗೆ ಒಯ್ಯುವುದು. ಮೂರನೆಯದನ್ನು ‘ವಿಸ್ತರಣೆ’ ಎನ್ನುತ್ತಾರೆ. ದೇಶದ ಮೊತ್ತಮೊದಲ ಕೃಷಿ ವಿಜ್ಞಾನ ಕೇಂದ್ರವನ್ನು 1974ರಲ್ಲಿ ಪುದುಚೇರಿಯಲ್ಲಿ ತೆರೆದದ್ದು ಕೊಯಮತ್ತೂರಿನ ಈ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿಯೇ. ಕಾರಮಡೈ ವಲಯದ ವಿವೇಕಾನಂದಪುರದಲ್ಲಿಯೂ ಈಗ ಅಂಥ ಕೇಂದ್ರವಿದೆ. ಅದನ್ನು ನಡೆಸುವುದು ಅವಿನಾಶಿಲಿಂಗಂ ಸಂಸ್ಥೆ. ಮೇಟ್ಟುಪಾಳಯದಲ್ಲಿ ವಿಶ್ವವಿದ್ಯಾನಿಲಯದ ಅರಣ್ಯ ಕಾಲೇಜು ಇದೆ.

ಈ ಮೂರನೆಯ ಕೆಲಸದಲ್ಲಿಯೇ ನಮ್ಮ ಪ್ರಶ್ನೆ ಇರುವುದು. ರೈತನ ಬಾಗಿಲಿಗೆ ವಿದ್ಯೆ ಹೋಗಬೇಕಾದರೆ ಯಾವ ಭಾಷೆಯಲ್ಲಿ ಹೋಗಬೇಕು? ಕೊಯಮತ್ತೂರಿನವರು ‘ವಳರುಂ ವೇಳಾಣ್ಮೈ’ ಎಂಬ ಮಾಸಿಕವನ್ನು ತಮಿಳಿನಲ್ಲಿ ತರುತ್ತಾರೆ. ತಮಿಳುನಾಡಿನಲ್ಲಿ ಅದು ಸರಿಯೇ. ನಾವು ಕೆಲವು ಅಧ್ಯಾಪಕರು ಕಾರಮಡೈಯ ಕಡೆ ಹೋಗಿದ್ದಾಗ ಕರಿಬೇವಿನ ಹೊಲದಲ್ಲಿ ಕಟಾವು ಮಾಡಿಸುತ್ತಿದ್ದ ಹಿರಿಯರೊಬ್ಬರು ನಮ್ಮೊಡನೆ ತಮ್ಮ ಮನೆಯ ಕನ್ನಡದಲ್ಲಿ ಮಾತಾಡಿದರು. “ಎಲ್ಲಿಂದ ಬಂದ್ರಿ ಸಾಮಿ, ನಿಮ್ಮ ಮಾತು ಪುಸ್ತಕದ ಮಾತಿನ ಹಾಗೆ ಇದೆಯಲ್ಲ” ಎಂದು ನಕ್ಕರು. ಮಣ್ಣು, ಬೇರು, ಎರು, ಕಳೆ ಎಲ್ಲವೂ ಕನ್ನಡದಲ್ಲಿಯೇ ಬಂತು. ಸುಳಿಗೆ ಬರುವ ರೋಗ, ಸಿಂಪಡಿಸುವ ಮದ್ದು, ಅಳತೆ ಇವುಗಳಿಗೆ ಬಂದಾಗ ಮಾತು ತಮಿಳಿಗೆ ಹೊರಳಿತು. ಅಜ್ಜನಿಂದ ಕಲಿತದ್ದು ಕನ್ನಡದಲ್ಲಿ, ಆಫೀಸಿನಿಂದ ಕಲಿತದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಓದಲು ಅವರಿಗೆ ಬಾರದು.

ನಮ್ಮ ಗಡಿನಾಡಿನಲ್ಲಿ ಅಕ್ಷರ ಇನ್ನೂ ಇದೆ, ಅಷ್ಟು ವ್ಯತ್ಯಾಸ. ಕೇರಳದ ಕೃಷಿ ವಿಶ್ವವಿದ್ಯಾನಿಲಯದ ‘ಕಲ್ಪಧೇನು’ ಮಲೆಯಾಳದಲ್ಲಿ. ಹೆಬ್ಬಾಳದ ಕನ್ನಡ ಪುಸ್ತಿಕೆಗಳಿಗೆ ನಾವು ಹೊರರಾಜ್ಯದವರು. ಈ ಎರಡರ ನಡುವಿನ ಕಂದಕವನ್ನು ಮುಚ್ಚಲು ಯಾವ ವಿದ್ಯಾಪೀಠವೂ ಬರಲಿಲ್ಲ. ಬಂದದ್ದು ಕೃಷಿಕರೇ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯಲ್ಲಿ ತೋಟದವರೇ ತೋಟದವರಿಗಾಗಿ ಬರೆದರು. ಗಡಿಯ ಗೆರೆ ಅದಕ್ಕೆ ಅಡ್ಡ ಬರಲಿಲ್ಲ. ಬದಿಯಡ್ಕ, ಪೆರ್ಲ, ಅಡೂರಿನ ಕನ್ನಡ ಮನೆಗಳಲ್ಲಿಯೂ ಓದಬಲ್ಲ ಪತ್ರಿಕೆ ಅದು. ಕಾರಮಡೈಯ ಕನ್ನಡ ಒಕ್ಕಲುಗಳಿಗೆ ಅಂಥದೊಂದನ್ನು ಕೊಟ್ಟರೂ ಓದಲು ಕಲಿಸುವ ಶಾಲೆ ಮೊದಲು ಬೇಕು. ನಮ್ಮ ತರಗತಿಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ ಆ ಹಿರಿಯರ ಮಾತು ನಮಗೆ ಮತ್ತೆ ಮತ್ತೆ ಕೇಳಿಸುತ್ತದೆ.