ವೆಂಟಿಲೇಟರಿನ ಐದನೇ ದಿನ

ಸುರತ್ಕಲ್, ಬೈಕಂಪಾಡಿ, ಪಣಂಬೂರು ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ಆಂಬುಲೆನ್ಸ್‌ಗಳಲ್ಲಿ ಹೆಚ್ಚಿನವು ಕೂಳೂರು ಸೇತುವೆ ದಾಟಿಯೇ ಬರಬೇಕು. ರಾಷ್ಟ್ರೀಯ ಹೆದ್ದಾರಿ 66ರ ಈ ತುಂಡಿನಲ್ಲಿ ಮಳೆಗಾಲದ ಗುಂಡಿಗಳು, ಬಂದರಿನ ಟ್ಯಾಂಕರ್ ಸಾಲು, ಗುರುಪುರ ಹೊಳೆಯ ಮೇಲೆ ಸೈರನ್ ಹಾಕಿಕೊಂಡೇ ನಿಂತುಬಿಟ್ಟ ಗಾಡಿ, ಇವನ್ನು ನೋಡದವರು ಇಲ್ಲಿ ಕಡಿಮೆ. ಒಳಗೆ ಮಲಗಿರುವುದು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನೋ, ಪಾರ್ಶ್ವವಾಯು ಬಡಿದ ಅಜ್ಜಿಯೋ, ತೋಟಕ್ಕೆ ತಂದ ಕೀಟನಾಶಕ ಕುಡಿದವರೋ ಇರಬಹುದು. ಕುಂಟಿಕಾನವೋ ಕಂಕನಾಡಿಯೋ ವೆನ್ಲಾಕೋ, ಒಮ್ಮೆ ಮುಟ್ಟಿದರೆ ಸಾಕು ಎಂಬುದಷ್ಟೇ ಮನೆಯವರ ಹರಕೆ. ಮುಟ್ಟಿದ ಮೇಲೆ ಶುರುವಾಗುವ ಇನ್ನೊಂದು ಅಪಾಯವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಅದು ಗೊತ್ತಾಗುವುದು ನಾಲ್ಕೈದು ದಿನ ಕಳೆದ ಮೇಲೆ, ಐಸಿಯು ಬಾಗಿಲಿನ ಹೊರಗಿನ ಕುರ್ಚಿಗಳಲ್ಲಿ. ‘ಸೇರಿಸುವಾಗ ತಲೆಗೆ ಮಾತ್ರ ಪೆಟ್ಟು ಅಂದಿದ್ರು, ಈಗ ನಿಮೋನಿಯಾ ಉಂಟಂತೆ ಮಾರ್ರೆ’ ಎಂಬಂಥ ಮಾತು ಆ ಕುರ್ಚಿಗಳಿಗೆ ಹೊಸದಲ್ಲ. ಆ ಮಾತಿನಲ್ಲಿ ಸಂಕಟದ ಜತೆ ಒಂದು ಸಂಶಯವೂ ಸೇರಿರುತ್ತದೆ. ಒಳಗೆ ಏನೋ ಎಡವಟ್ಟಾಗಿದೆ, ಇಲ್ಲವೇ ಬಿಲ್ಲು ಬೆಳೆಯುತ್ತಿದೆ.

ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಹುಟ್ಟುವ ನಿಮೋನಿಯಾವನ್ನು ಆಸ್ಪತ್ರೆಯಲ್ಲಿ ಅಂಟಿದ್ದು ಎಂದು ಲೆಕ್ಕ ಹಿಡಿಯುತ್ತಾರೆ. ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಹಾಕಿದ 48 ಗಂಟೆಯ ನಂತರ ಬಂದರೆ ಅದಕ್ಕೆ ವೈದ್ಯರ ಬಾಯಲ್ಲಿ ‘ವ್ಯಾಪ್’ ಎಂದು ಹೆಸರು. ಐಸಿಯುವಿನ ಗಾಳಿಯಿಂದ ತಗಲುವ ಕಾಯಿಲೆ ಇದು ಎಂಬುದು ಜನರ ಊಹೆ. ಬಹಳಷ್ಟು ಸಲ ರೋಗಾಣು ಬರುವುದು ರೋಗಿಯ ಬಾಯಿಯಿಂದಲೇ. ನಾವೆಲ್ಲರೂ ನಿದ್ದೆಯಲ್ಲಿ ಒಂದಿಷ್ಟು ಎಂಜಲನ್ನು ಶ್ವಾಸನಾಳಕ್ಕೆ ಇಳಿಸಿಕೊಳ್ಳುತ್ತೇವೆ, ಕೆಮ್ಮು ಅದನ್ನು ಹೊರಗಟ್ಟುತ್ತದೆ. ಪ್ರಜ್ಞೆ ಇಲ್ಲದವರಿಗೆ ಕೆಮ್ಮಿಲ್ಲ. ಟ್ಯೂಬಿನ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದರ ಮೇಲೆ ಎಂಜಲು, ಕಫ, ಹೊಟ್ಟೆಯಿಂದ ಏರಿದ ಹುಳಿನೀರು ಶೇಖರವಾಗಿ ಪಕ್ಕದ ಸುಕ್ಕುಗಳಿಂದ ತೊಟ್ಟುತೊಟ್ಟಾಗಿ ಕೆಳಕ್ಕೆ ಇಳಿಯುತ್ತದೆ. ಟ್ಯೂಬಿನ ಒಳಮೈಗೂ ರೋಗಾಣುಗಳ ಲೋಳೆಪದರ ಕಟ್ಟುತ್ತದೆ. ಇದರ ಜತೆಗೆ, ಕಾಯಿಲೆ ತೀವ್ರವಾದಂತೆ ಗಂಟಲಿನಲ್ಲಿ ವಾಸವಾಗಿರುವ ಸಾಧು ಬ್ಯಾಕ್ಟೀರಿಯಾಗಳು ಜಾಗ ಬಿಟ್ಟು ಅಪಾಯಕಾರಿ ಜಾತಿಗಳು ಬಂದು ಕೂರುತ್ತವೆ ಎಂಬುದನ್ನು ಅಮೆರಿಕದ ಜೋಹಾನ್ಸನ್ ಮತ್ತು ಸಂಗಡಿಗರು 1969ರಲ್ಲೇ ತೋರಿಸಿದ್ದರು. ಅಂದರೆ ಉಸಿರು ಉಳಿಸಲು ಹಾಕಿದ ಕೊಳವೆಯೇ ರೋಗಕ್ಕೂ ದಾರಿ.

ಕೊಳವೆಯನ್ನು ದೂರುವಂತಿಲ್ಲ. 1952ರಲ್ಲಿ ಕೋಪನ್‌ಹೇಗನ್‌ನ ಪೋಲಿಯೊ ಹಾವಳಿಯ ಹೊತ್ತಿಗೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು, ಹಗಲು ರಾತ್ರಿ ವೈದ್ಯಕೀಯ ವಿದ್ಯಾರ್ಥಿಗಳಿಂದ ರಬ್ಬರ್ ಚೀಲ ಒತ್ತಿಸಿ ಉಸಿರು ಕೊಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಇಂದಿನ ಐಸಿಯು ಹುಟ್ಟಿದ್ದೇ ಅಲ್ಲಿಂದ.

ಹಾಗಾದರೆ ಯಾರಿಗೆ, ಯಾವಾಗ ಬರುತ್ತದೆ? ಇದಕ್ಕೆ ಇಂದಿಗೂ ಉಲ್ಲೇಖವಾಗುವ ಲೆಕ್ಕ ಕೆನಡಾದ ಡೆಬೊರಾ ಕುಕ್ ಅವರದು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1,014 ವೆಂಟಿಲೇಟರ್ ರೋಗಿಗಳಲ್ಲಿ 177 ಮಂದಿಗೆ ನಿಮೋನಿಯಾ ಬಂತು. ಐದನೇ ದಿನ ಅಪಾಯ ಶೇ 3.3, ಹತ್ತನೇ ದಿನ ಶೇ 2.3, ಹದಿನೈದನೇ ದಿನ ಶೇ 1.3. ದಿನ ಕಳೆದಂತೆ ಆ ಒಂದು ದಿನದ ಅಪಾಯ ಇಳಿದರೂ ಒಟ್ಟು ಅಪಾಯ ಕೂಡಿಕೊಳ್ಳುತ್ತಲೇ ಹೋಗುತ್ತದೆ. ಇದನ್ನು ಓದುವಾಗ ನನಗೆ ಮುಖ್ಯವೆನಿಸಿದ್ದು ಬೇರೆ: ರೋಗಿಯ ವಯಸ್ಸು, ತಲೆಪೆಟ್ಟು, ಮೊದಲೇ ಇದ್ದ ಶ್ವಾಸಕೋಶದ ಕಾಯಿಲೆ ಇವನ್ನೆಲ್ಲ ವೈದ್ಯರು ಬದಲಿಸಲಾರರು. ವೆಂಟಿಲೇಟರ್ ಮೇಲೆ ಎಷ್ಟು ದಿನ ಎಂಬುದನ್ನು ಸ್ವಲ್ಪವಾದರೂ ಬದಲಿಸಬಹುದು.

ನಮ್ಮ ಕಡೆಯ ಅಂಕಿಗಳಿಗೆ ಬಂದರೆ ಕೂಳೂರಿನಿಂದ ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಮಣಿಪಾಲ ಹತ್ತಬೇಕು. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಅರಿಂದಮ್ ಡೇ ಮತ್ತು ಇಂದಿರಾ ಬೈರಿ ಒಂಬತ್ತು ತಿಂಗಳು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೆಂಟಿಲೇಟರ್ ರೋಗಿಗಳ ಶೇ 45.4ರಷ್ಟು ಮಂದಿಗೆ ವ್ಯಾಪ್ ಬಂದಿತ್ತು. ಕಫದಲ್ಲಿ ಸಿಕ್ಕ ರೋಗಾಣುಗಳಲ್ಲಿ ಅರ್ಧದ ಹತ್ತಿರ ಅಸಿನೆಟೊಬ್ಯಾಕ್ಟರ್. ಪುದುಚೇರಿಯ ಜಿಪ್ಮರ್‌ನಲ್ಲಿ ಸುಮಾರು ಅದೇ ಕಾಲದ ಇನ್ನೊಂದು ಅಧ್ಯಯನ ಶೇ 18 ಎಂದಿತು. ದೇಶದ ಏಳು ನಗರಗಳ 12 ಐಸಿಯುಗಳನ್ನು ಸೇರಿಸಿ 2007ರಲ್ಲಿ ಬಂದ ವರದಿಯಲ್ಲಿ ಲೆಕ್ಕದ ಅಳತೆಯೇ ಬೇರೆ, ಪ್ರತಿ ಸಾವಿರ ವೆಂಟಿಲೇಟರ್ ದಿನಕ್ಕೆ 10.46. ಈ ಮೂರನ್ನು ಪಕ್ಕಪಕ್ಕ ಇಟ್ಟು ಮಣಿಪಾಲ ಕೆಟ್ಟದ್ದು, ಪುದುಚೇರಿ ಒಳ್ಳೆಯದು ಎಂದು ತೀರ್ಪು ಕೊಡುವವರು ಅವಸರದವರು. ಯಾವ ಬಗೆಯ ರೋಗಿಗಳು, ಕಫವನ್ನು ಹೇಗೆ ತೆಗೆದರು, ಎಕ್ಸ್‌ರೇ ನೋಡಿದ್ದು ಯಾರು, ಯಾವುದನ್ನು ನಿಮೋನಿಯಾ ಎಂದು ಕರೆದರು ಎಂಬುದರ ಮೇಲೆ ಅಂಕಿ ದುಪ್ಪಟ್ಟಾಗಬಹುದು. ಜ್ವರ, ಬಿಳಿ ರಕ್ತಕಣ ಏರಿಕೆ, ಎಕ್ಸ್‌ರೇಯಲ್ಲಿ ಮಬ್ಬು ಕಲೆ, ಇವೆಲ್ಲ ಐಸಿಯುವಿನಲ್ಲಿ ಹತ್ತು ಕಾರಣಕ್ಕೆ ಬರುತ್ತವೆ. ಒಂದೇ ಎಕ್ಸ್‌ರೇಗೆ ಇಬ್ಬರು ನುರಿತ ವೈದ್ಯರು ಎರಡು ಮಾತು ಹೇಳುವುದುಂಟು. ಈ ಗೋಜಲಿನಿಂದ ಬೇಸತ್ತೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2013ರಲ್ಲಿ ತನ್ನ ಕಣ್ಗಾವಲಿನ ವ್ಯಾಖ್ಯೆಯನ್ನು ಬದಲಿಸಿ, ಮೊದಲು ಆಮ್ಲಜನಕದ ಅಗತ್ಯ ಏರಿತೇ ಎಂದು ನೋಡುವ ಕ್ರಮಕ್ಕೆ ಹೊರಳಿತು.

ನಿಮೋನಿಯಾ ಯಾರಿಗೆ ಬರುತ್ತದೆಂಬ ಮುನ್ಸೂಚನೆಯ ಮಾತು ಆಡುವ ಮೊದಲು ಇದು ತಲೆಯಲ್ಲಿರಬೇಕು. ಏನನ್ನು ಮುನ್ಸೂಚಿಸುತ್ತಿದ್ದೇವೆ ಎಂಬುದೇ ಅಲುಗಾಡುತ್ತಿದ್ದರೆ ಎಷ್ಟು ಚಂದದ ಗಣಿತವೂ ಆ ಅಲುಗಾಟವನ್ನೇ ಕಲಿಯುತ್ತದೆ.

ಹಾಗೆಂದು ಅಪಾಯವನ್ನು ಅಂಕ ಕೊಟ್ಟು ಅಳೆಯುವ ಎಲ್ಲ ಅಂಕಪಟ್ಟಿಗಳೂ ನಿಷ್ಪ್ರಯೋಜಕವಲ್ಲ. ಪಾರ್ಶ್ವವಾಯು ರೋಗಿಗಳಿಗಾಗಿ ಬರ್ಲಿನ್‌ನ ದಾಖಲೆಗಳಿಂದ 2012ರಲ್ಲಿ ರೂಪುಗೊಂಡ ಒಂದು ಪಟ್ಟಿ ಬೆರಳಲ್ಲಿ ಎಣಿಸುವಷ್ಟು ಸರಳ. ವಯಸ್ಸು 75 ತುಂಬಿದ್ದರೆ ಒಂದು ಅಂಕ, ಹೃದಯದ ಬಡಿತ ತಾಳ ತಪ್ಪಿದ್ದರೆ ಒಂದು, ಗಂಡಸಾದರೆ ಒಂದು, ನುಂಗಲು ತೊಂದರೆ ಇದ್ದರೆ ಎರಡು, ಪಾರ್ಶ್ವವಾಯುವಿನ ತೀವ್ರತೆ ನೋಡಿ ಸೊನ್ನೆ, ಮೂರು ಇಲ್ಲವೇ ಐದು. ಸೊನ್ನೆ ಅಂಕದವರಲ್ಲಿ ನಿಮೋನಿಯಾ ಬಂದದ್ದು ಶೇ 0.3, ಹತ್ತಕ್ಕೆ ಹತ್ತು ಬಂದವರಲ್ಲಿ ಶೇ 39.4. ನುಂಗಲಾರದ 78ರ ಅಜ್ಜಿಗೆ ಮಧ್ಯಮ ತೀವ್ರತೆಯ ಪಾರ್ಶ್ವವಾಯು ಆಗಿದ್ದರೆ ಆರು ಅಂಕ. ಈ ಆರು ಎಂಬ ಸಂಖ್ಯೆಗೆ ಅರ್ಥ ಬರುವುದು ವಾರ್ಡಿನಲ್ಲಿ. ನಾಲ್ಕು ಚಮಚ ನೀರು ಕುಡಿಸಿ ನುಂಗುವ ಶಕ್ತಿ ಪರೀಕ್ಷಿಸುವ ಮೊದಲು ಅಜ್ಜಿಯ ಬಾಯಿಗೆ ಏನನ್ನೂ ಹಾಕಬಾರದು ಎಂದು ಬೈಸ್ಟ್ಯಾಂಡರ್‌ಗೆ ಖಡಾಖಂಡಿತ ಹೇಳಬೇಕು. ಪ್ರೀತಿಯಿಂದ ಕುಡಿಸಿದ ಗಂಜಿತಿಳಿ, ಎಳನೀರು ನೇರ ಶ್ವಾಸಕೋಶಕ್ಕೆ ಇಳಿದ ಪ್ರಸಂಗಗಳು ನರ್ಸ್‌ಗಳಿಗೆ ಚೆನ್ನಾಗಿ ಗೊತ್ತು.

ಈಗಿನ ಸಂಶೋಧನೆ ಇಂಥ ಕೈಲೆಕ್ಕದಿಂದ ಕಂಪ್ಯೂಟರಿಗೆ ದಾಟಿದೆ. ಬೋಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಐಸಿಯು ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ತೆರೆದಿಟ್ಟ ‘ಮಿಮಿಕ್’ ಎಂಬ ಭಂಡಾರವಿದೆ. ಅದರ ಮೂರನೇ ಆವೃತ್ತಿ 2016ರಲ್ಲಿ ಪ್ರಕಟವಾದಾಗಲೇ ನಲವತ್ತು ಸಾವಿರದ ಆಸುಪಾಸಿನ ರೋಗಿಗಳ ವಿವರ ಅದರಲ್ಲಿತ್ತು. ನಾಡಿ, ಜ್ವರ, ರಕ್ತಪರೀಕ್ಷೆ, ಔಷಧ ಎಲ್ಲವನ್ನೂ ಯಂತ್ರಕ್ಕೆ ಉಣಿಸಿ ಯಾರಿಗೆ ವ್ಯಾಪ್ ಬರುತ್ತದೆ ಎಂದು ಹೇಳಿಸುವ ಪ್ರಬಂಧಗಳು ಸಾಲುಸಾಲಾಗಿ ಬಂದಿವೆ. ಮಾದರಿ ಬೋಸ್ಟನ್ನಿನದು, ರೋಗಿ ಬೈಕಂಪಾಡಿಯವರು ಎಂಬುದೇ ತೊಡಕು. ಅಲ್ಲಿನ ಐಸಿಯುವಿನಲ್ಲಿ ಕೀಟನಾಶಕ ಕುಡಿದು ಬಾಯಿತುಂಬ ಜೊಲ್ಲು ಸುರಿಸುತ್ತಿರುವ ರೋಗಿ ಅಪರೂಪ, ನಮ್ಮಲ್ಲಿ ಅಲ್ಲ. ಇಲ್ಲಿ ಕಾಡುವ ಅಸಿನೆಟೊಬ್ಯಾಕ್ಟರ್ ಅಲ್ಲಿ ಈ ಪ್ರಮಾಣದಲ್ಲಿಲ್ಲ. ಐಸಿಎಂಆರ್‌ನ ವಾರ್ಷಿಕ ವರದಿಗಳ ಪ್ರಕಾರ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಈ ರೋಗಾಣುವಿನ ಹತ್ತರಲ್ಲಿ ಎಂಟಕ್ಕೂ ಹೆಚ್ಚು ತಳಿಗಳು ಕಾರ್ಬಪೆನೆಮ್ ಎಂಬ ಪ್ರಬಲ ಔಷಧಕ್ಕೂ ಬಗ್ಗುವುದಿಲ್ಲ. ಬೋಸ್ಟನ್ನಿನಲ್ಲಿ ಪ್ರತಿ ಗಂಟೆಯ ಅಂಕಿ ತಾನಾಗಿಯೇ ಕಂಪ್ಯೂಟರಿಗೆ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಇಂದಿಗೂ ಹಾಸಿಗೆಯ ಕಾಲಬಳಿಯ ದೊಡ್ಡ ಹಾಳೆಯ ಮೇಲೆ ಸಿಸ್ಟರ್ ಪೆನ್ನಿನಲ್ಲಿ ತುಂಬಿಸಿದ ಅಂಕಿಗಳೇ ಗತಿ.

ತಮ್ಮ ನಾಡಿನಲ್ಲೇ ಇಂಥ ಯಂತ್ರಗಳು ಎಡವಿದ್ದಿದೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿದ್ದ ಎಪಿಕ್ ಕಂಪನಿಯ ಸೆಪ್ಸಿಸ್ (ಸೋಂಕು ಉಲ್ಬಣಿಸಿ ಅಂಗಾಂಗಗಳೇ ಕೆಡುವ ಸ್ಥಿತಿ) ಮುನ್ಸೂಚಕವನ್ನು ಮಿಷಿಗನ್ ವಿಶ್ವವಿದ್ಯಾಲಯದವರು 2021ರಲ್ಲಿ ಸ್ವತಂತ್ರವಾಗಿ ಪರೀಕ್ಷಿಸಿದಾಗ, ಸೆಪ್ಸಿಸ್ ಆದವರಲ್ಲಿ ಶೇ 67 ಮಂದಿಯನ್ನು ಅದು ಹಿಡಿದಿರಲೇ ಇಲ್ಲ. ಆದರೂ ಆಸ್ಪತ್ರೆಗೆ ಬಂದವರಲ್ಲಿ ಶೇ 18 ಮಂದಿಯ ಮೇಲೆ ಎಚ್ಚರಿಕೆಯ ಗಂಟೆ ಬಾರಿಸಿತ್ತು.

ಈ ಗಂಟೆಯ ಲೆಕ್ಕ ಹೀಗಿರುತ್ತದೆ. ನೂರು ವೆಂಟಿಲೇಟರ್ ರೋಗಿಗಳಲ್ಲಿ ಇಪ್ಪತ್ತು ಮಂದಿಗೆ ನಿಮೋನಿಯಾ ಬರಲಿದೆ ಎಂದಿಟ್ಟುಕೊಳ್ಳಿ. ಬರುವವರಲ್ಲಿ ಶೇ 80 ಮಂದಿಯನ್ನು ಹಿಡಿಯುವ, ಬಾರದವರಲ್ಲಿ ಶೇ 80 ಮಂದಿಯನ್ನು ಸರಿಯಾಗಿ ಬಿಡುವ ಯಂತ್ರ ನಿಮ್ಮಲ್ಲಿದೆ. ಕೇಳಲು ಚೆನ್ನಾಗಿದೆ. ಅದು 32 ಸಲ ಬಾರಿಸುತ್ತದೆ, ಅದರಲ್ಲಿ 16 ಸುಳ್ಳು. ನಿಜಕ್ಕೂ ಕಾಯಿಲೆ ಬೀಳುವ ನಾಲ್ವರ ಪಾಲಿಗೆ ಬಾರಿಸುವುದೇ ಇಲ್ಲ. ಕರಾವಳಿಯ ರೆಡ್ ಅಲರ್ಟ್ ಇದ್ದ ಹಾಗೆ: ಅಲರ್ಟ್ ಬಂದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುತ್ತಾರೆ, ದೋಣಿ ಇಳಿಯುವುದಿಲ್ಲ. ಎದ್ದು ಮಾಡಲು ಒಂದು ಕೆಲಸವಿರುವುದರಿಂದಲೇ ಆ ಬಣ್ಣಕ್ಕೆ ಬೆಲೆ. ಐಸಿಯುವಿನ ಕೆಂಪು ದೀಪಕ್ಕೆ ಏಳುವವರು ಯಾರು, ಎದ್ದು ಏನು ಮಾಡುತ್ತಾರೆ?

ಮಾಡಬಹುದಾದ್ದು ಸಾಕಷ್ಟಿದೆ, ಹೆಚ್ಚಿನದ್ದು ಅಗ್ಗದ್ದು. ಬಾರ್ಸಿಲೋನಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಮಟ್ಟಸ ಮಲಗಿಸಿದವರಲ್ಲಿ ಶೇ 34 ಮಂದಿಗೆ ನಿಮೋನಿಯಾದ ಶಂಕೆ ಬಂದರೆ, ತಲೆಭಾಗ ಎತ್ತಿ ಮಲಗಿಸಿದವರಲ್ಲಿ ಶೇ 8. ಎತ್ತುವುದು ಸುಲಭ, ಎತ್ತಿದ್ದನ್ನು ಹಾಗೇ ಉಳಿಸುವುದು ಕಷ್ಟ. ಆಮೇಲೆ ಹಾಲೆಂಡಿನಲ್ಲಿ ಅಳೆದು ನೋಡಿದಾಗ, 45 ಡಿಗ್ರಿ ಎಂದು ನಿಗದಿ ಮಾಡಿದ್ದ ಹಾಸಿಗೆಗಳು ಬಹುಪಾಲು ಹೊತ್ತು ಅಷ್ಟು ಏರಿರಲೇ ಇಲ್ಲ. ನಿದ್ದೆಯ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಬ್ಬಿಸಿ ನೋಡಿದ ಷಿಕಾಗೊ ಪ್ರಯೋಗದಲ್ಲಿ (2000) ವೆಂಟಿಲೇಟರ್ ಅವಧಿ 7.3 ದಿನದಿಂದ 4.9ಕ್ಕೆ ಇಳಿಯಿತು. ಕುಕ್ ಅವರ ಐದನೇ ದಿನವನ್ನು ನೆನೆದರೆ ಈ ಎರಡು ದಿನದ ಬೆಲೆ ತಿಳಿಯುತ್ತದೆ. ಬಾಯಿ ತೊಳೆಯಲು ವರ್ಷಗಟ್ಟಲೆ ಬಳಸಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಅಮೆರಿಕದ ಸೋಂಕು ತಜ್ಞರ 2022ರ ಮಾರ್ಗಸೂಚಿ ಕೈಬಿಟ್ಟು ಹಲ್ಲುಜ್ಜಿಸಿ ಎಂದಿತು. ಮರುವರ್ಷ ಬಂದ, 15 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯ ನಿಮೋನಿಯಾ ಮೂರನೇ ಒಂದರಷ್ಟು ಕಡಿಮೆ. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕದಲ್ಲಿ ಇಪ್ಪತ್ತು ರೂಪಾಯಿಯ ಬ್ರಷ್.

ಮುನ್ಸೂಚನೆ ನಿಜಕ್ಕೂ ಕೈಹಿಡಿದ ಉದಾಹರಣೆ ಫ್ರಾನ್ಸಿನದು, 2024ರದು. ಮೆದುಳಿಗೆ ಪೆಟ್ಟಾಗಿ ಅಥವಾ ರಕ್ತಸ್ರಾವ, ಪಾರ್ಶ್ವವಾಯುವಿನಿಂದ ಪ್ರಜ್ಞೆ ಕುಸಿದು ಟ್ಯೂಬ್ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚೆಂಬುದು ಮೊದಲೇ ಗೊತ್ತಿತ್ತು. ಅವರನ್ನೇ ಆರಿಸಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಒಂದೇ ಒಂದು ಡೋಸ್ ಕೊಟ್ಟರು. ಮೊದಲ ವಾರದ ವ್ಯಾಪ್ ಶೇ 32ರಿಂದ ಶೇ 14ಕ್ಕೆ ಇಳಿಯಿತು. ಹೆದ್ದಾರಿಯ ಬೈಕ್ ಅಪಘಾತಗಳ ನಮ್ಮೂರಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಇಷ್ಟು ತುಂಬಿರುವಲ್ಲಿ ಅದೇ ಫಲ ಸಿಗುತ್ತದೆಂದು ಇಲ್ಲಿ ಪರೀಕ್ಷಿಸದೆ ನಂಬುವಂತಿಲ್ಲ.

ಪರೀಕ್ಷಿಸಲು ಬೇಕಾದ್ದೆಲ್ಲ ಇಲ್ಲೇ ಇದೆ. 1848ರಿಂದ ಇರುವ ವೆನ್ಲಾಕ್ ಸೇರಿಸಿ, ಮಂಗಳೂರು ಮತ್ತು ಸುತ್ತಮುತ್ತ ಆರಕ್ಕೂ ಹೆಚ್ಚು ವೈದ್ಯಕೀಯ ಕಾಲೇಜುಗಳ ಐಸಿಯುಗಳಿಗೆ ಕಾಸರಗೋಡಿನಿಂದ ಉತ್ತರ ಕನ್ನಡದವರೆಗಿನ ರೋಗಿಗಳು ಬರುತ್ತಾರೆ. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಬೇಕಾದ ಆಸ್ಪತ್ರೆ ಸೋಂಕಿನ ಲೆಕ್ಕ ಇಡಲೇಬೇಕು, ಆದರೆ ಅದು ಕಡತ ಬಿಟ್ಟು ಹೊರಗೆ ಬರುವುದಿಲ್ಲ. ಒಬ್ಬೊಬ್ಬರದು ಒಂದೊಂದು ಕಪಾಟು. ಒಂದೇ ವ್ಯಾಖ್ಯೆಯಡಿ ಎಲ್ಲವನ್ನೂ ಕೂಡಿಸಿದರೆ ಕರಾವಳಿಯದೇ ಆದ ಅಂಕಪಟ್ಟಿ ಕಟ್ಟಲು ಬೋಸ್ಟನ್ನಿನ ಹಂಗು ಬೇಡ. ಇನ್ನೊಂದು ಲಾಭವೂ ಉಂಟು: ‘ಇವರಿಗೆ ನಿಮೋನಿಯಾ ಬರುವ ಸಾಧ್ಯತೆ ಇಷ್ಟು, ತಡೆಯಲು ಇಂತಿಂಥದ್ದು ಮಾಡುತ್ತೇವೆ’ ಎಂದು ಮೊದಲ ದಿನವೇ ಮನೆಯವರನ್ನು ಕೂರಿಸಿ ಹೇಳಬಹುದು. ಐದನೇ ದಿನ ಹೇಳಿದರೆ ಅದೇ ಮಾತು ನೆಪದಂತೆ ಕೇಳಿಸುತ್ತದೆ.

ಅಂಥ ಪಟ್ಟಿ ಮಾಡುವುದೇ ಆದರೆ ಅದರಲ್ಲಿ ರೋಗಿಯ ಬಗೆಗಿನ ಕಾಲಂಗಳು ಮಾತ್ರ ಸಾಲವು. ವೆಂಟಿಲೇಟರ್ ರೋಗಿಯೊಬ್ಬರಿಗೆ ಒಬ್ಬ ನರ್ಸ್ ಎಂಬುದು ನಮ್ಮ ದೇಶದ್ದೇ ಮಾರ್ಗಸೂಚಿ. ಕಫ ಎಳೆಯುವುದು, ಮಗ್ಗುಲು ಬದಲಿಸುವುದು, ಬಲೂನಿನ ಒತ್ತಡ ಅಳೆಯುವುದು, ಜಾರಿದ ಹಾಸಿಗೆಯನ್ನು ಮತ್ತೆ ಏರಿಸುವುದು, ಹಲ್ಲುಜ್ಜಿಸುವುದು ಎಲ್ಲವೂ ಆ ಎರಡು ಕೈಗಳಿಂದಲೇ ಆಗಬೇಕು. ನರ್ಸಿಂಗ್ ಕಾಲೇಜುಗಳಿಂದ ತುಂಬಿದ, ಗಲ್ಫಿಗೂ ಬ್ರಿಟನ್ನಿಗೂ ನರ್ಸ್‌ಗಳನ್ನು ಕಳಿಸುವ ಊರಿದು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ನೋಡುತ್ತಿದ್ದರು ಎಂಬುದು ವಯಸ್ಸು, ತಲೆಪೆಟ್ಟು, ಜ್ವರದ ಕಾಲಂಗಳ ಪಕ್ಕದಲ್ಲೇ ದಾಖಲಾಗಬೇಕು.