ಎಣ್ಣೆಯ ದೀಪ ಹೊತ್ತಿದಾಗ

ಸಂಸ್ಕೃತದ ‘ಸ್ನೇಹ’ ಶಬ್ದಕ್ಕೆ ಗೆಳೆತನವೆಂದೂ ಅರ್ಥವುಂಟು, ಎಣ್ಣೆಯೆಂದೂ ಅರ್ಥವುಂಟು. ಇಬ್ಬರ ನಡುವಣ ಉಜ್ಜಾಟವನ್ನು ತಪ್ಪಿಸುವುದೇ ಎರಡರ ಧರ್ಮ. ನಮ್ಮ ಹಳ್ಳಿಯ ಗಾಡಿಯವನು ಇದನ್ನು ಚೆನ್ನಾಗಿ ಅರಿತಿದ್ದನು. ಕೀಲೆಣ್ಣೆ ಒಣಗಿದರೆ ಗಾಲಿ ಕಿರುಗುಟ್ಟಿ ಹೇಳುತ್ತಿತ್ತು. ಅವನು ಇಳಿದು ಎಣ್ಣೆ ಹಾಕುತ್ತಿದ್ದನು. ಮೋಟಾರು ವಾಹನದ ಎಂಜಿನಾದರೋ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದು. ಅದು ಕಿರುಗುಟ್ಟುವವರೆಗೆ ಕಾದರೆ ಕೆಲಸ ಕೆಟ್ಟಿರುತ್ತದೆ. ಆದುದರಿಂದಲೇ ಚಾಲಕನ ಕಣ್ಣೆದುರಿಗೆ ಒಂದು ಪುಟ್ಟ ದೀಪವನ್ನಿಟ್ಟಿದ್ದಾರೆ. ಆ ದೀಪ ಹೇಳುವುದೇನು, ಅದು ಹೊತ್ತಿದಾಗ ಮಾಡತಕ್ಕದ್ದೇನು ಎಂಬುದನ್ನು ಹಳೆಯ ವಾಹನವೊಂದರ ಉದಾಹರಣೆಯಿಂದ ತಿಳಿಯೋಣ.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯವರು 1950ರಲ್ಲಿ ಒಂದು ವ್ಯಾನನ್ನು ಹೊರತಂದರು. ಮುಂದೆ ಚಾಲಕ, ಹಿಂದೆ ಎಂಜಿನು, ನಡುವೆ ಒಂದು ಕೋಣೆಯಷ್ಟು ಸ್ಥಳ. 1951ರಿಂದ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು ಆ ಸ್ಥಳದಲ್ಲಿ ಮಲಗುವ, ಅಡುಗೆ ಮಾಡುವ ಅನುಕೂಲಗಳನ್ನು ಜೋಡಿಸಿಕೊಡತೊಡಗಿತು. ಹೀಗೆ ವ್ಯಾನು ಸಂಚಾರಿ ಮನೆಯಾಯಿತು. 1960 ಮತ್ತು 1970ರ ದಶಕಗಳಲ್ಲಿ ಯುರೋಪಿನಿಂದ ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದ ಪ್ರವಾಸಿಗಳಲ್ಲಿ ಹಲವರು ಏರಿ ಬಂದದ್ದು ಇಂಥ ವಾಹನಗಳನ್ನೇ. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನದ ಯುದ್ಧವೂ ಆ ದಾರಿಯನ್ನು ಮುಚ್ಚಿದವು. ಆದರೆ ವ್ಯಾನುಗಳು ಮುಗಿಯಲಿಲ್ಲ. ಯುರೋಪು ಅಮೆರಿಕಗಳಲ್ಲಿ ಅವನ್ನು ಮಮತೆಯಿಂದ ಓಡಿಸುವವರು ಇಂದಿಗೂ ಇದ್ದಾರೆ. ಆ ದೇಶಗಳಲ್ಲಿರುವ ನಿಮ್ಮ ಮಗನೋ ಮಗಳೋ ಒಂದನ್ನು ಕೊಳ್ಳಲು ಹೊರಟರೂ ಆಶ್ಚರ್ಯವಿಲ್ಲ.

ಈ ವ್ಯಾನಿನ ಹಳೆಯ ಎಂಜಿನಿಗೆ ನೀರಿನ ರೇಡಿಯೇಟರು ಇಲ್ಲ. ಅದರ ಕಾವನ್ನು ಹೊರುವವರು ಇಬ್ಬರೇ: ಒಂದು ಗಾಳಿ, ಇನ್ನೊಂದು ಎಣ್ಣೆ. 1600 ಸಿ.ಸಿ.ಯ ಎಂಜಿನಿನಲ್ಲಿ ಹಿಡಿಸುವ ಎಣ್ಣೆ ಕೇವಲ ಎರಡೂವರೆ ಲೀಟರು. ಅಷ್ಟರಲ್ಲಿಯೇ ಜಾರಿಸುವ ಕೆಲಸವೂ ಆಗಬೇಕು, ತಣಿಸುವ ಕೆಲಸವೂ ಆಗಬೇಕು. ಆದುದರಿಂದ ಇದರಲ್ಲಿ ಎಣ್ಣೆಯ ದೀಪಕ್ಕೆ ಇಮ್ಮಡಿ ಬೆಲೆ.

ದೀಪ ಹೊತ್ತಿತೆಂದರೆ ಎಣ್ಣೆ ಕಡಿಮೆಯಾಗಿದೆ ಎಂದು ಹಲವರು ತಿಳಿಯುತ್ತಾರೆ. ಅದು ಪೂರ್ಣ ಸತ್ಯವಲ್ಲ. ದೀಪ ಹೇಳುವುದು ಎಣ್ಣೆಯ ಒತ್ತಡದ ಮಾತನ್ನು. ಎಂಜಿನಿನ ತಳದಲ್ಲಿರುವ ಎಣ್ಣೆಯನ್ನು ಪಂಪು ಎಳೆದು, ಸಣ್ಣ ಕಂಡಿಗಳ ಮೂಲಕ ಬೇರಿಂಗುಗಳಿಗೆ ನೂಕುತ್ತದೆ. ತಿರುಗುವ ದಂಡವು ಆ ಎಣ್ಣೆಯ ತೆಳುವಾದ ಪೊರೆಯ ಮೇಲೆ ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ತಾಕುವುದಿಲ್ಲ. ಎಂಜಿನು ಬಿಸಿಯಾಗಿ, ನಿಮಿಷಕ್ಕೆ 2500 ಸುತ್ತು ತಿರುಗುವಾಗ, ಚದರ ಅಂಗುಲಕ್ಕೆ 28 ಪೌಂಡಿನಷ್ಟಾದರೂ ಒತ್ತಡವಿರಬೇಕೆಂಬುದು ನಿಯಮ. ದೀಪದ ಸ್ವಿಚ್ಚು ದೀಪವನ್ನು ಹೊತ್ತಿಸುವುದಾದರೋ ಒತ್ತಡವು ಎರಡರಿಂದ ಆರು ಪೌಂಡಿನ ಆಸುಪಾಸಿಗೆ ಇಳಿದ ಮೇಲೆ. ಅಂದರೆ, ಜ್ವರ ಏರುತ್ತಿರುವಾಗ ಈ ದೀಪ ಸುಮ್ಮನಿರುತ್ತದೆ. ನಾಡಿ ಸಿಕ್ಕದಂತಾದಾಗ ಮಾತನಾಡುತ್ತದೆ.

ಆದುದರಿಂದ ಓಡುತ್ತಿರುವಾಗ ದೀಪ ಹೊತ್ತಿ ನಿಂತರೆ, ‘ಮುಂದಿನ ಊರು ಹತ್ತಿರವೇ ಇದೆ’ ಎನ್ನಬಾರದು. ರಸ್ತೆಯ ಬದಿಗೆ ಸರಿದು ಎಂಜಿನನ್ನು ಒಡನೆಯೇ ನಿಲ್ಲಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಬಗೆಯ ಅನೇಕ ವ್ಯಾನುಗಳಲ್ಲಿ ಎಣ್ಣೆಯ ದೀಪದ ಬಣ್ಣ ಹಸಿರು ಎಂಬುದನ್ನೂ ನೆನಪಿಡಿ. ಚೌಕದಲ್ಲಿ ಹಸಿರು ದೀಪ ‘ಹೋಗು’ ಎನ್ನುತ್ತದೆ. ಇಲ್ಲಿ ಅದೇ ಹಸಿರು ‘ನಿಲ್ಲು’ ಎನ್ನುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಒಳ್ಳೆಯ ವೈದ್ಯನು ಶಸ್ತ್ರವನ್ನು ಮೊದಲೇ ಕೈಗೆತ್ತಿಕೊಳ್ಳುವುದಿಲ್ಲ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

ಮೊದಲು, ಸಮತಲವಾದ ನೆಲದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ತೆಗೆದು ನೋಡಿ. ಎಣ್ಣೆ ಇಳಿದಿದ್ದರೆ ಕಾರಣ ಕೈಗೆ ಸಿಕ್ಕಿತು. ಸೋರಿಕೆ ಎಲ್ಲಿ ಎಂದು ಹುಡುಕಿ. ಉದ್ದನೆಯ ತಿರುವಿನಲ್ಲಿ ಮಾತ್ರ ದೀಪ ಮಿನುಗುವುದೂ ಸಾಮಾನ್ಯವಾಗಿ ಇದರ ಲಕ್ಷಣವೇ. ಎಣ್ಣೆ ಒಂದು ಬದಿಗೆ ಸರಿದಾಗ ಪಂಪಿನ ಬಾಯಿಗೆ ಗಾಳಿ ಸಿಕ್ಕುತ್ತದೆ. ಕಡ್ಡಿಯನ್ನು ಮೂಸಿಯೂ ನೋಡಿ. ಎಣ್ಣೆಯ ಮಟ್ಟ ಏರಿ ಪೆಟ್ರೋಲಿನ ವಾಸನೆ ಬಂದರೆ, ಪೆಟ್ರೋಲ್ ಪಂಪಿನ ಒಳಪರದೆ ಹರಿದು ಪೆಟ್ರೋಲು ಎಣ್ಣೆಯಲ್ಲಿ ಬೆರೆಯುತ್ತಿರಬಹುದು. ಹಾಲಿಗೆ ನೀರು ಬೆರೆತಂತೆ ಎಣ್ಣೆ ತೆಳುವಾಗುತ್ತದೆ.

ಎರಡನೆಯದು, ಫ್ಯಾನಿನ ಬೆಲ್ಟು. ಈ ಎಂಜಿನಿನಲ್ಲಿ ಡೈನಮೋವನ್ನೂ ತಣಿಸುವ ಫ್ಯಾನನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಹರಿದರೆ ಡೈನಮೋದ ಕೆಂಪು ದೀಪ ಮೊದಲು ಹೊತ್ತುತ್ತದೆ. ಆಗಲೂ ನಿಲ್ಲದೆ ಹೋದರೆ ಎಂಜಿನು ಕಾದು, ಎಣ್ಣೆ ನೀರಾಗಿ, ಎರಡನೆಯ ದೀಪವೂ ಹೊತ್ತುತ್ತದೆ.

ಮೂರನೆಯದು, ದೀಪವೇ ಸುಳ್ಳಾಡುತ್ತಿದೆಯೇ ಎಂಬ ಪರೀಕ್ಷೆ. ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಸ್ವಿಚ್ಚಿನಿಂದ ತಂತಿಯನ್ನು ಕಳಚಿ. ದೀಪ ಆರಬೇಕು. ಆರದಿದ್ದರೆ ತಂತಿ ಎಲ್ಲಿಯೋ ಲೋಹಕ್ಕೆ ತಗುಲಿದೆಯೆಂದು ಅರ್ಥ. ಆರಿತೆಂದಮಾತ್ರಕ್ಕೆ ಎಂಜಿನು ಕ್ಷೇಮವೆಂದು ತಿಳಿಯಬೇಡಿ. ಸ್ವಿಚ್ಚನ್ನು ತೆಗೆಸಿ, ಅದೇ ತೂತಿಗೆ ಒತ್ತಡದ ಮಾಪಕವನ್ನು ಕೂಡಿಸಿ ಅಳೆಸಬೇಕು. ಒತ್ತಡ ಸರಿಯಾಗಿದ್ದರೆ ಹೊಸ ಸ್ವಿಚ್ಚು ಹಾಕಿದರಾಯಿತು. ಹಳೆಯ ಎಂಜಿನಿನ ಗತಿಯನ್ನು ಆ ಮಾಪಕದಷ್ಟು ನಿಜವಾಗಿ ಹೇಳಬಲ್ಲದ್ದು ಬೇರೊಂದಿಲ್ಲ.

ಒತ್ತಡ ನಿಜವಾಗಿಯೂ ಕಡಿಮೆಯಾಗಿದ್ದರೆ ಎಂಜಿನಿನ ತಳಕ್ಕೆ ಹೋಗಬೇಕು. ಅಲ್ಲಿ ತಂತಿಬಲೆಯ ಸೋಸುವ ತಟ್ಟೆಯೊಂದಿದೆ. ಈ 1600 ಸಿ.ಸಿ. ಎಂಜಿನಿಗೆ ಬೇರೆ ಕಾಗದದ ಫಿಲ್ಟರು ಇಲ್ಲವಾದುದರಿಂದ 5,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ಬಲೆಯನ್ನು ತೊಳೆಯಬೇಕು. ಸಮೀಪದಲ್ಲಿಯೇ ಒಂದು ತಿರುಪಿನ ಒಳಗೆ ಸ್ಪ್ರಿಂಗೂ ಪುಟ್ಟ ಪಿಸ್ಟನ್ನೂ ಇವೆ; ಒತ್ತಡ ಮಿತಿಮೀರದಂತೆ ಕಾಯುವ ಕವಾಟವಿದು. ಪಿಸ್ಟನ್ನು ಕೆಳಗೆ ಸಿಕ್ಕಿಕೊಂಡರೆ ಒತ್ತಡ ಸೋರಿಹೋಗುತ್ತದೆ. ಮೇಲೆ ಸಿಕ್ಕಿಕೊಂಡರೆ ಎಣ್ಣೆ ತಣಿಸುವ ಕೂಲರು ಒಡೆದು ಸೋರಬಹುದು. 1970ರ ಮಾದರಿಯಿಂದ ಇಂಥ ಕವಾಟಗಳು ಎರಡು. ಆಮೇಲೆ ಪಂಪು. ಅದರ ಗೇರುಗಳಿಗೂ ಮುಚ್ಚಳಕ್ಕೂ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದು ಇರಬಾರದು.

ಇವೆಲ್ಲವೂ ಸರಿಯಾಗಿದ್ದು ಒತ್ತಡ ಮಾತ್ರ ಏರದಿದ್ದರೆ, ಬೇರಿಂಗುಗಳು ಸವೆದಿವೆ, ಇಲ್ಲವೆ ಅವು ಕೂರುವ ಮೆಗ್ನೀಸಿಯಂ ಮಿಶ್ರಲೋಹದ ಕವಚ ಹಿಗ್ಗಿದೆ ಎಂದು ತಿಳಿಯಬೇಕು. ತೂತಾದ ಕೊಳಾಯಿಯಲ್ಲಿ ಒತ್ತಡ ನಿಲ್ಲದಂತೆ ಸಡಿಲ ಬೇರಿಂಗಿನಲ್ಲಿ ಎಣ್ಣೆ ನಿಲ್ಲದು. ಆಗ ಎಂಜಿನನ್ನು ಬಿಚ್ಚುವುದೇ ದಾರಿ. ಬಿಸಿಯಾದ ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಮಿನುಗಿ, ವೇಗ ಕೊಂಚ ಹೆಚ್ಚಿದೊಡನೆ ಆರುವ ದೀಪ ಈ ದಿನದ ಮುನ್ಸೂಚನೆ ಆಗಿರಬಹುದು. ನಿಲುಗಡೆಯ ವೇಗವನ್ನು 850 ಸುತ್ತಿಗೆ ಸರಿಪಡಿಸಿದರೂ ಮಿನುಗಿದರೆ ಮಾಪಕವನ್ನು ಹಚ್ಚಿಸಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಪ್ಪ ಎಣ್ಣೆಯನ್ನು ಸುರಿದರೆ ಸವೆದ ಎಂಜಿನಿನಲ್ಲಿಯೂ ದೀಪ ಆರುತ್ತದೆ. ಅದು ರೋಗವನ್ನು ಮುಚ್ಚಿತೇ ಹೊರತು ಕಳೆಯಲಿಲ್ಲ. ಮಿತಿಮೀರಿದ ದಪ್ಪ ಎಣ್ಣೆಯು ಕವಾಟವನ್ನು ಒತ್ತಿ ತೆರೆದು, ಕೂಲರನ್ನು ಬಿಟ್ಟು ಅಡ್ಡದಾರಿಯಲ್ಲಿ ಹರಿಯುವುದೂ ಉಂಟು. ಹಳೆಯ ವಾಹನ ಕೊಳ್ಳುವವರು ತಣ್ಣಗಿರುವ ಎಂಜಿನನ್ನು ನೋಡಿ ಹಣ ಕೊಡಬಾರದು. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ದೀಪವನ್ನು ನೋಡಬೇಕು. ಓಡಿಸುವ ಮುನ್ನ ಕೀಲಿ ತಿರುಗಿಸಿದೊಡನೆ ದೀಪ ಹೊತ್ತುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹೊತ್ತದ ದೀಪದ ಬಲ್ಬು ಸುಟ್ಟಿರಬಹುದು. ಯಾರೋ ತಂತಿಯನ್ನು ಕಿತ್ತಿರಲೂಬಹುದು.

ನಿಮ್ಮ ಮನೆಯ ಕಾರಿನಲ್ಲಿಯೂ ಈ ದೀಪವಿದೆ; ಎಣ್ಣೆಯ ಗಿಂಡಿಯ ಚಿತ್ರವೇ ಅದರ ಗುರುತು. ನಾಳೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಅದು ಹೊತ್ತಿ, ಎಂಜಿನು ಹೊರಟೊಡನೆ ಆರುತ್ತದೆಯೇ ಎಂದು ಒಮ್ಮೆ ನೋಡಿ. ಎರಡೂ ಆದರೆ ನಿಶ್ಚಿಂತೆಯಿಂದ ಹೊರಡಿ.